ರೆಕ್ಕೆಯೊಳಗಿನ ಬಿರುಕು ಲಾಗ್‌ಬುಕ್ಕಿನಲ್ಲಿ ಕಾಣುವುದಿಲ್ಲ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೋದರೆ ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ಸಿಗುತ್ತದೆ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಈ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನಗಳ ಓಡಾಟ ದೊಡ್ಡ ಮಟ್ಟಕ್ಕೆ ಏರಲೇ ಇಲ್ಲ. ಇಲ್ಲಿನ ಆಕಾಶದಲ್ಲಿ ಹೆಚ್ಚಾಗಿ ಕಾಣುವುದು ತರಬೇತಿಯ ಪುಟ್ಟ ವಿಮಾನಗಳು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಬೆಳಗಾವಿ, ಜಳಗಾಂವ, ಕಲಬುರಗಿ, ಖಜುರಾಹೊ, ಲೀಲಾಬರಿ ನಿಲ್ದಾಣಗಳಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಹಂಚಿತು. ಕಲಬುರಗಿಗೆ ಏಷ್ಯಾ ಪೆಸಿಫಿಕ್ ಮತ್ತು ರೆಡ್‌ಬರ್ಡ್ ಎಂಬ ಎರಡು ಸಂಸ್ಥೆಗಳು ಬಂದವು. ಮೂರು ಕಿಲೋಮೀಟರಿಗಿಂತ ಉದ್ದದ ರನ್‌ವೇ, ವರ್ಷದ ಬಹುಪಾಲು ತಿಳಿಯಾದ ಆಕಾಶ, ದಟ್ಟಣೆಯಿಲ್ಲದ ವಾಯುಮಾರ್ಗ: ಪೈಲಟ್ ಆಗಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಕಮಲಾಪುರ ಈ ನಿಲ್ದಾಣದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿದೆ. ಗಂಟೆಗೆ 200 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಅದು ಹತ್ತು ನಿಮಿಷದೊಳಗಿನ ದಾರಿ. ಅಂದರೆ ನಗರದ ಬಡಾವಣೆಗಳು, ತೊಗರಿ ಹೊಲಗಳು, ಕಮಲಾಪುರದ ಕೆಂಪು ಬಾಳೆಯ ತೋಟಗಳು ಎಲ್ಲವೂ ಈ ವಿಮಾನಗಳ ಕೈಗೆಟುಕುವ ವಲಯದಲ್ಲೇ ಇವೆ. ಹಾಗಾಗಿ ಆ ವಿಮಾನಗಳ ಲೋಹಕ್ಕೆ ಎಷ್ಟು ವಯಸ್ಸಾಯಿತು, ಆ ವಯಸ್ಸನ್ನು ಯಾರು ಹೇಗೆ ಅಳೆಯುತ್ತಿದ್ದಾರೆ ಎಂಬುದು ಇಲ್ಲಿನ ಜನ ಕೇಳಲೇಬೇಕಾದ ಪ್ರಶ್ನೆ.

ಸಣ್ಣ ವಿಮಾನಗಳ ದೇಹವನ್ನು ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡುತ್ತಾರೆ. ರೆಕ್ಕೆಯ ಒಳಗೆ ಬುಡದಿಂದ ತುದಿಯವರೆಗೆ ಒಂದು ತೊಲೆ ಹಾದುಹೋಗುತ್ತದೆ. ಅದಕ್ಕೆ ಸ್ಪಾರ್ ಎನ್ನುತ್ತಾರೆ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ, ವಿಮಾನದ ತೂಕ ಒಡಲನ್ನು ಕೆಳಕ್ಕೆ ಎಳೆಯುತ್ತದೆ. ಈ ಜಗ್ಗಾಟದ ಭಾರವೆಲ್ಲ ಸ್ಪಾರಿನ ಬುಡದಲ್ಲಿ ಬಂದು ಕೂಡುತ್ತದೆ. ತೊಲೆಯ ಕೆಳಮೈ ಹಿಗ್ಗುತ್ತದೆ. ನೆಲಕ್ಕಿಳಿದಾಗ ಮತ್ತೆ ಕುಗ್ಗುತ್ತದೆ. ಒಂದೊಂದು ಬಾರಿಯ ಹಿಗ್ಗುವಿಕೆಯೂ ಲೋಹದ ತಾಳಿಕೆಯ ಮಿತಿಗಿಂತ ಎಷ್ಟೋ ಕಡಿಮೆ. ಅಪಾಯ ಇರುವುದು ಅದರ ಪುನರಾವರ್ತನೆಯಲ್ಲಿ. ಕಟ್ಟಡದ ಕೆಲಸದವರು ಇಕ್ಕಳ ಸಿಗದಾಗ ಬೈಂಡಿಂಗ್ ತಂತಿಯನ್ನು ಅತ್ತ ಇತ್ತ ಬಾಗಿಸಿ ಮುರಿಯುತ್ತಾರಲ್ಲ, ರೆಕ್ಕೆಯಲ್ಲಿ ನಡೆಯುವುದೂ ಆ ಜಾತಿಯದೇ ಕ್ರಿಯೆ. ತಂತಿಗೆ ಹತ್ತು ಸಲ ಸಾಕು, ಸ್ಪಾರಿಗೆ ಲಕ್ಷಾಂತರ ಸಲ ಬೇಕು. ವಿಜ್ಞಾನದಲ್ಲಿ ಇದಕ್ಕೆ ಲೋಹದ ದಣಿವು ಎಂದು ಹೆಸರು.

ಉಕ್ಕಿಗೂ ಅಲ್ಯೂಮಿನಿಯಂಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಸಾಮಾನ್ಯ ಉಕ್ಕಿನ ಮೇಲೆ ಬೀಳುವ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಅದು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸುರಕ್ಷಿತ ಮಟ್ಟವಿಲ್ಲ. ಒತ್ತಡ ಸಣ್ಣದಾದರೆ ಬಿರುಕು ತಡವಾಗಿ ಹುಟ್ಟುತ್ತದೆ, ಅಷ್ಟೇ. ಹುಟ್ಟುವ ಜಾಗ ಸಾಮಾನ್ಯವಾಗಿ ಬೋಲ್ಟಿನ ರಂಧ್ರದ ಅಂಚು ಅಥವಾ ತುಕ್ಕು ತಿಂದ ಪುಟ್ಟ ಗುಳಿ. ಹುಟ್ಟಿದ ಬಿರುಕು ಬೆಳೆಯುವ ವೇಗ ಒತ್ತಡದ ಮೂರನೆಯ ಅಥವಾ ನಾಲ್ಕನೆಯ ಘಾತದ ಲೆಕ್ಕದಲ್ಲಿ ಏರುತ್ತದೆ. ಒತ್ತಡ ಶೇ 20ರಷ್ಟು ಹೆಚ್ಚಿದರೆ ಬಿರುಕಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಿರುಕು ಉದ್ದವಾದಷ್ಟೂ ಅದರ ತುದಿಯ ಮೇಲಿನ ಒತ್ತಡವೂ ಹೆಚ್ಚುವುದರಿಂದ ಬೆಳವಣಿಗೆ ತನ್ನಿಂದ ತಾನೇ ಚುರುಕಾಗುತ್ತ ಹೋಗುತ್ತದೆ. ಆಯುಷ್ಯದ ಬಹುಪಾಲು ಕಾಲ ಕಣ್ಣಿಗೆ ಬೀಳದಷ್ಟು ಸಣ್ಣದಿದ್ದು, ಕೊನೆಗಾಲದಲ್ಲಿ ಮಾತ್ರ ಅದು ದೊಡ್ಡದಾಗುತ್ತದೆ. ತಪಾಸಣೆಯ ನಿಯಮಗಳೆಲ್ಲ ಈ ಒಂದು ಸಂಗತಿಯ ಸುತ್ತ ರಚನೆಯಾಗಬೇಕು.

ಹಾಗೆ ರಚನೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ 2018ರ ಏಪ್ರಿಲ್ 4ರಂದು ನಡೆದ ಅಪಘಾತ ಸಾಕ್ಷಿ. ಡೇಟೋನಾ ಬೀಚ್‌ನ ಎಂಬ್ರಿ-ರಿಡಲ್ ವಿಶ್ವವಿದ್ಯಾಲಯದ ತರಬೇತಿ ವಿಮಾನ, ಪೈಪರ್ ಆ್ಯರೋ, ರನ್‌ವೇ ಮುಟ್ಟಿ ಮತ್ತೆ ಮೇಲೇಳುತ್ತಿತ್ತು. ಆಗ ಎಡ ರೆಕ್ಕೆ ಬುಡದಿಂದ ಕಳಚಿತು. ಒಳಗಿದ್ದ ವಿದ್ಯಾರ್ಥಿ ಮತ್ತು ಪರೀಕ್ಷಕ ಇಬ್ಬರೂ ಮೃತಪಟ್ಟರು. ಆ ವಿಮಾನ ಹಳೆಯದೇನಲ್ಲ; 2007ರಲ್ಲಿ ತಯಾರಾದದ್ದು. ಹಾರಿದ್ದು ಸುಮಾರು 7,690 ಗಂಟೆ. ಅಪಘಾತಕ್ಕೆ ಎರಡು ವಾರ ಮೊದಲಷ್ಟೇ ಅದರ ವಾರ್ಷಿಕ ತಪಾಸಣೆ ಮುಗಿದಿತ್ತು. ಬಿರುಕು ಹುಟ್ಟಿದ್ದು ಸ್ಪಾರಿನ ಕೆಳಪಟ್ಟಿಯಲ್ಲಿ ಬೋಲ್ಟ್ ಕೂರುವ ರಂಧ್ರದ ಒಳಗೆ. ಬೋಲ್ಟ್ ಜಾಗದಲ್ಲಿರುವಾಗ ಟಾರ್ಚ್ ಹಿಡಿದು ಕನ್ನಡಿಯಿಟ್ಟು ನೋಡಿದರೂ ಅದು ಕಾಣುವಂತಿರಲಿಲ್ಲ. ಅದೇ ಸಂಸ್ಥೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗಂಟೆ ಹಾರಿದ್ದ ಇನ್ನೊಂದು ವಿಮಾನವನ್ನು ಪರೀಕ್ಷಿಸಿದಾಗ ಅದರ ಸ್ಪಾರಿನಲ್ಲೂ ಬಿರುಕು ಸಿಕ್ಕಿತು.

ಗಂಟೆಗಳ ಹಿಂದೆ ಇನ್ನೊಂದು ಅಂಕಿ ಅಡಗಿತ್ತು. ಆ ವಿಮಾನ 33 ಸಾವಿರಕ್ಕೂ ಹೆಚ್ಚು ಸಲ ನೆಲಕ್ಕಿಳಿದಿತ್ತು, ಅಂದರೆ ಹಾರಾಟದ ಪ್ರತಿ ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಸಲ. ವಿಮಾನವನ್ನು ಸ್ವಂತಕ್ಕೆ ಇಟ್ಟುಕೊಂಡವರು ಒಂದು ಊರಿನಿಂದ ಹೊರಟು ಎರಡು ಗಂಟೆ ಹಾರಿ ಇನ್ನೊಂದು ಊರಿನಲ್ಲಿ ಒಮ್ಮೆ ಇಳಿಯುತ್ತಾರೆ. ಕಲಿಯುವವರು ರನ್‌ವೇಯ ಸುತ್ತ ಸುತ್ತಿ, ಚಕ್ರ ತಾಗಿಸಿ, ಮತ್ತೆ ಮೇಲೇಳುತ್ತಾರೆ. ಅವರ ಇಳಿತಗಳು ಬಿರುಸಾಗಿರುವುದು ಸಹಜ, ಏಕೆಂದರೆ ಮೆಲ್ಲಗೆ ಇಳಿಸುವುದನ್ನು ಕಲಿಯಲೆಂದೇ ಅವರು ಬಂದಿರುವುದು. ಕಡಿದಾದ ತಿರುವುಗಳು, ವೇಗ ಕುಂದಿಸಿ ವಿಮಾನವನ್ನು ಮತ್ತೆ ಹತೋಟಿಗೆ ತರುವ ಅಭ್ಯಾಸಗಳು ಎಲ್ಲವೂ ರೆಕ್ಕೆಯನ್ನು ಬಾಗಿಸುತ್ತವೆ. ಲಾಗ್‌ಬುಕ್ಕಿನಲ್ಲಿ ಮಾತ್ರ ಎರಡೂ ಬಗೆಯ ಗಂಟೆ ಒಂದೇ ಸಮ.

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಆ ಅಪಘಾತದ ನಂತರ ಹೊರಡಿಸಿ, 2021ರ ಫೆಬ್ರುವರಿಯಲ್ಲಿ ಜಾರಿಗೆ ತಂದ ಆದೇಶ ಈ ವ್ಯತ್ಯಾಸವನ್ನು ಅಂಕಿಯಲ್ಲಿ ಒಪ್ಪಿಕೊಂಡಿತು. ತರಬೇತಿಗೆ ಅಥವಾ ಬಾಡಿಗೆಗೆ ಹಾರುವ ವಿಮಾನಕ್ಕೆ ಅಲ್ಲಿ ಪ್ರತಿ ನೂರು ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಎಷ್ಟು ನೂರು ಗಂಟೆಯ ತಪಾಸಣೆ ನಡೆದಿದೆ ಎಂದು ಎಣಿಸಿ ಆ ಗಂಟೆಗಳನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ಖಾಸಗಿ ಗಂಟೆಗಳನ್ನು 17ರಿಂದ ಭಾಗಿಸುತ್ತಾರೆ. ಹೀಗೆ ತೂಕ ಹಾಕಿದ ಮೊತ್ತ 5,000 ದಾಟಿದರೆ ಬೋಲ್ಟ್ ರಂಧ್ರಗಳ ಪರೀಕ್ಷೆ ಆಗಲೇಬೇಕು. ವರ್ಷಕ್ಕೆ ನೂರು ಗಂಟೆ ಖಾಸಗಿಯಾಗಿ ಹಾರುವ ವಿಮಾನ ಈ ಗಡಿ ಮುಟ್ಟಲು 850 ವರ್ಷ ಬೇಕು. ವರ್ಷಕ್ಕೆ ಸಾವಿರ ಗಂಟೆ ಹಾರುವ ತರಬೇತಿ ವಿಮಾನಕ್ಕೆ ಐದೇ ವರ್ಷ.

ಆ ಆದೇಶ ಪೈಪರ್ ಕಂಪನಿಯ ಕೆಲವು ಮಾದರಿಗಳಿಗಷ್ಟೇ ಅನ್ವಯಿಸುತ್ತದೆ. ತರಬೇತಿಯಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೆಸ್ನಾ 172ರ ರೆಕ್ಕೆಗೆ ಕೆಳಗಿನಿಂದ ಓರೆ ಕಂಬದ ಆಸರೆ ಇದೆ. ಬಾಗುವ ಭಾರ ಹಂಚಿಹೋಗುವುದರಿಂದ ಅದರ ದಣಿವಿನ ಜಾಗಗಳೂ ಗಡಿಗಳೂ ಬೇರೆ. ಆದರೆ ತರಬೇತಿಯ ಒಂದು ಗಂಟೆ ಲೋಹಕ್ಕೆ ಹೆಚ್ಚು ದುಬಾರಿ ಎಂಬ ತರ್ಕ ಯಾವ ಕಂಪನಿಯ ವಿಮಾನಕ್ಕೂ ತಪ್ಪಿದ್ದಲ್ಲ.

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ಹೊಸ ವಿಮಾನಗಳಿಗೆ ಬೇಡಿಕೆ ಇಟ್ಟವು. ಅವನ್ನು ಹಾರಿಸಲು ಪೈಲಟ್‌ಗಳು ಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರೂ ಡಿಜಿಸಿಎ ಎನ್ನುವ ಸಂಸ್ಥೆ, 2022ರಲ್ಲಿ ಕೊಟ್ಟ ವಾಣಿಜ್ಯ ಪರವಾನಗಿಗಳು 1,165, 2023ರಲ್ಲಿ 1,622. ಪರವಾನಗಿಗೆ ಬೇಕಾದ ಈ ಗಂಟೆಗಳ ಬಹುಭಾಗವನ್ನು ಹೊರುವುದು ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳು. ಐವರು ವಿದ್ಯಾರ್ಥಿಗಳ ತಲಾ 200 ಗಂಟೆ ಒಂದೇ ವಿಮಾನದ ಮೇಲೆ ಬಿದ್ದರೆ ಸಾವಿರ ಗಂಟೆ ಆಯಿತು. ಕಲಬುರಗಿಯಂಥ ಊರುಗಳಲ್ಲಿ ತರಬೇತಿ ಬೇರೂರಿದ್ದು 2021ರಿಂದ ಈಚೆಗೆ. ಆಗ ಹೊಸದಾಗಿ ಬಂದು ವರ್ಷಕ್ಕೆ ಸಾವಿರ ಗಂಟೆಯಂತೆ ದುಡಿದ ವಿಮಾನವಿದ್ದರೆ ಅದು 5,000 ಗಂಟೆಯ ಆಸುಪಾಸಿಗೆ ಬರುವ ಕಾಲ ಇದು. ಬರುವಾಗಲೇ ಬೇರೆಡೆ ಹಾರಿ ಬಂದದ್ದಾದರೆ ಗಡಿ ಇನ್ನೂ ಮೊದಲೇ ಬಂದೀತು.

ಇಲ್ಲಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸತಲ್ಲ. ಕಾದ ಎರೆಮಣ್ಣಿನ ಮೇಲಿಂದ ಬಿಸಿಗಾಳಿ ಕಂಬಗಳಂತೆ ಏರುತ್ತದೆ. ಅದರೊಳಗೆ ಹೊಕ್ಕ ಸಣ್ಣ ವಿಮಾನ ಎದ್ದು ಬೀಳುತ್ತದೆ. ಪ್ರತಿ ಜರ್ಕೂ ಸ್ಪಾರಿನ ಮೇಲೆ ಒಂದು ಹೆಚ್ಚುವರಿ ಎಳೆತ. ಇನ್ನೊಂದು ವಿಷಯ ಧೂಳು. ಸೇಡಂ, ವಾಡಿ, ಶಹಾಬಾದ್ ಸುತ್ತಮುತ್ತ ಸುಣ್ಣದ ಕಲ್ಲಿನ ಗಣಿಗಳೂ ಸಿಮೆಂಟ್ ಉದ್ಯಮವೂ ಬೆಳೆದಿವೆ. ಅಲ್ಯೂಮಿನಿಯಂನ ಮೈಮೇಲೆ ತನ್ನಷ್ಟಕ್ಕೆ ಕಟ್ಟುವ ತೆಳು ಆಕ್ಸೈಡ್ ಪದರವೇ ಅದರ ರಕ್ಷಾಕವಚ. ಒದ್ದೆಯಾದ ಸಿಮೆಂಟ್ ಪ್ರಬಲ ಕ್ಷಾರವಾಗುತ್ತದೆ, ಕ್ಷಾರ ಆ ಪದರವನ್ನು ಕರಗಿಸುತ್ತದೆ. ಸಂದುಗಳಲ್ಲಿ ಅಂಥ ಧೂಳು ಕುಳಿತು ಮಳೆಗಾಲದ ತೇವ ಸೇರಿದರೆ ತುಕ್ಕಿನ ಗುಳಿಗಳಿಗೆ ಜಾಗ ಸಿಗುತ್ತದೆ. ಸಮುದ್ರ ದೂರವಿದೆ, ಉಪ್ಪುಗಾಳಿ ಇಲ್ಲ, ಹಾಗಾಗಿ ತುಕ್ಕಿನ ಚಿಂತೆ ಇಲ್ಲ ಎನ್ನುವ ಲೆಕ್ಕಾಚಾರವನ್ನು ಈ ಜಿಲ್ಲೆಗೆ ಹಾಗೆಯೇ ಒಪ್ಪಲಾಗದು. ಒಂದು ಗುಳಿ ಏನು ಮಾಡಬಲ್ಲದು ಎಂಬುದನ್ನು ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿ 2019ರ ಮೇ 26ರಂದು ಬಿದ್ದ ಸೆಸ್ನಾ 210 ತೋರಿಸಿತು. ಭೂಸಮೀಕ್ಷೆಗಾಗಿ ತಗ್ಗಿನಲ್ಲಿ ಹಾರುತ್ತಿದ್ದ ಅದರ ಬಲ ರೆಕ್ಕೆ ಮುರಿದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ದಣಿವಿನ ಬಿರುಕು ಆರಂಭವಾಗಿದ್ದು ಎರಡೂ ರೆಕ್ಕೆಗಳನ್ನು ಬೆಸೆಯುವ ತೊಲೆಯ ಮೇಲಿನ ಒಂದು ತುಕ್ಕಿನ ಗುಳಿಯಿಂದ ಎಂದು ತನಿಖೆ ಹೇಳಿತು.

ಈಗ ನಿಯಮಗಳ ಮಾತು. ನನ್ನ ಆತಂಕದ ಹೆಚ್ಚಿನ ಪಾಲು ಇಲ್ಲೇ ಇದೆ. 1987ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪೈಪರ್ ವಿಮಾನವೊಂದರ ರೆಕ್ಕೆ ಕಳಚಿದಾಗ ಎಫ್‌ಎಎ ಸ್ಪಾರ್ ಪರೀಕ್ಷೆಯನ್ನು ಕಡ್ಡಾಯ ಮಾಡಿತ್ತು. ಬಿದ್ದ ವಿಮಾನ ಕೊಳವೆಮಾರ್ಗದ ಕಾವಲಿಗೆ ತಗ್ಗಿನಲ್ಲಿ ಹಾರುತ್ತಿತ್ತು, ಅದರ ಬಳಕೆಯೇ ಅಸಾಧಾರಣ, ಪರೀಕ್ಷಿಸಿದ ಬೇರೆ ವಿಮಾನಗಳಲ್ಲಿ ಬಿರುಕು ಸಿಕ್ಕಿದ್ದು ತೀರ ಅಪರೂಪ ಎಂಬ ಕಾರಣಕ್ಕೆ 1989ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡರು. ಬಿರುಕು ಸಿಗಲಿಲ್ಲ ಎಂದರೆ ಆ ದಿನ, ಆ ವಯಸ್ಸಿನಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. 2007ರಲ್ಲಿ ಹುಟ್ಟಿದ ಫ್ಲಾರಿಡಾದ ವಿಮಾನಕ್ಕೆ ಆ ನಿಯಮದ ನೆರಳೂ ಇರಲಿಲ್ಲ. ದೊಡ್ಡ ವಿಮಾನಗಳ ಕಥೆ ಬೇರೆ. 1988ರಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಛಾವಣಿ ಆಕಾಶದಲ್ಲೇ ಕಿತ್ತುಹೋದ ಮೇಲೆ 1991ರಲ್ಲಿ ಹಳೆಯ ವಿಮಾನಗಳ ಸುರಕ್ಷತೆಗೆಂದೇ ಕಾನೂನು ಬಂತು, 2005ರಲ್ಲಿ ಅಂತಿಮ ನಿಯಮಗಳಾದವು. ಆ ನಿಯಮಗಳು ಏರ್‌ಲೈನ್‌ಗಳಿಗೆ, ವೇಳಾಪಟ್ಟಿಯಂತೆ ಹಾರುವ ಬಹುಎಂಜಿನ್ ವಿಮಾನಗಳಿಗೆ. ಒಂದೇ ಎಂಜಿನ್ನಿನ ತರಬೇತಿ ವಿಮಾನ ಹೊರಗೇ ಉಳಿಯಿತು.

ನಮ್ಮಲ್ಲಿ ವಿಮಾನ ವಿನ್ಯಾಸಗೊಂಡ ದೇಶದ ನಿಯಂತ್ರಕರು ಹೊರಡಿಸುವ ಕಡ್ಡಾಯ ಆದೇಶಗಳನ್ನು ಡಿಜಿಸಿಎ ಇಲ್ಲಿಯೂ ಕಡ್ಡಾಯವಾಗಿಸುತ್ತದೆ. ಪ್ರತಿ ವರ್ಷ ದಾಖಲೆ ಮತ್ತು ವಿಮಾನ ಎರಡನ್ನೂ ನೋಡಿ ಹಾರಾಟಯೋಗ್ಯತೆಯ ಮರುಪರಿಶೀಲನಾ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ. ವ್ಯವಸ್ಥೆ ಕೆಟ್ಟದ್ದಲ್ಲ. ಆದರೆ ಇದರ ನೋಟ ಹೇಳಿದ ಕೆಲಸ ಆಗಿದೆಯೇ ಎಂಬುದರ ಮೇಲಿರುತ್ತದೆ. ಯಾವ ಕೆಲಸವನ್ನು ಯಾರೂ ಹೇಳಿಲ್ಲವೋ ಅದು ಈ ಜಾಲಕ್ಕೆ ಸಿಗುವುದಿಲ್ಲ. ಸೆಸ್ನಾ ಕಂಪನಿ ತನ್ನ ಹಳೆಯ ಮಾದರಿಗಳಿಗೆ ಹೆಚ್ಚುವರಿ ತಪಾಸಣೆಗಳ ಕೈಪಿಡಿ ಕೊಟ್ಟು, ಕಠಿಣ ಬಳಕೆಯ ವಿಮಾನಗಳನ್ನು ಬೇಗ ಪರೀಕ್ಷಿಸಿ ಎಂದಿದೆ. ಆಸ್ಟ್ರೇಲಿಯಾ ಅದನ್ನು ಕಡ್ಡಾಯ ಮಾಡಿತು. ಅಮೆರಿಕ ಖಾಸಗಿ ವಿಮಾನಗಳ ಮಟ್ಟಿಗೆ ಮಾಲೀಕರ ಇಷ್ಟಕ್ಕೆ ಬಿಟ್ಟಿತು.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನ ಹೊನ್ನಿಹಾಳದ ಬಳಿ ಹೊಲಕ್ಕಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರಾಮತಿಯಲ್ಲಿ ನಾಲ್ಕು ದಿನಗಳೊಳಗೆ ಎರಡು ವಿಮಾನಗಳು ಬಿದ್ದವು. ಮೂರೂ ರೆಡ್‌ಬರ್ಡ್ ಸಂಸ್ಥೆಯವು. ಡಿಜಿಸಿಎ ಅದರ ತರಬೇತಿಯನ್ನು ಆಗ ತಡೆಹಿಡಿಯಿತು. ಇವನ್ನು ಲೋಹದ ದಣಿವಿನ ಲೆಕ್ಕಕ್ಕೆ ಸೇರಿಸುವುದು ತಪ್ಪಾಗುತ್ತದೆ. ಆದರೆ ಸರಣಿ ಅವಘಡಗಳಾದ ಮೇಲೆ ಕ್ರಮ ಎಂಬ ಅನುಕ್ರಮ ಇಲ್ಲಿಯೂ ಕಾಣುತ್ತದೆ. ಎಂಜಿನ್ ನಿಂತರೆ ವಿಮಾನ ತೇಲಿಕೊಂಡು ಹೊಲಕ್ಕೆ ಇಳಿಯಬಹುದು, ಪೈಲಟ್ ಬದುಕಬಹುದು. ರೆಕ್ಕೆ ಕಳಚಿದರೆ ಪೈಲಟ್ ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ.

ಸ್ಪಾರಿನ ಬಿರುಕು ಹುಡುಕುವ ಪರೀಕ್ಷೆ ಕಷ್ಟದ್ದೇನಲ್ಲ. ಅದಕ್ಕೆ ಎಡ್ಡಿ ಕರೆಂಟ್ ಪರೀಕ್ಷೆ ಎನ್ನುತ್ತಾರೆ. ಬೋಲ್ಟ್ ಬಿಚ್ಚಿ, ರಂಧ್ರದೊಳಗೆ ಪೆನ್ಸಿಲ್ ಗಾತ್ರದ ಶೋಧಕವನ್ನು ಇಳಿಸುತ್ತಾರೆ. ಅದರ ತುದಿಯ ಸುರುಳಿ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಲೋಹ ಅಖಂಡವಾಗಿದ್ದರೆ ಪರದೆಯ ಗೆರೆ ಮಟ್ಟಸವಾಗಿ ಸಾಗುತ್ತದೆ. ಕೂದಲೆಳೆಯ ಬಿರುಕಿದ್ದರೂ ಸುಳಿ ಅದನ್ನು ಬಳಸಿ ಹೋಗಬೇಕಾಗಿ ಗೆರೆ ನೆಗೆಯುತ್ತದೆ. ಪೈಪರ್‌ಗಳಲ್ಲಿ ರೆಕ್ಕೆ ಬಿಚ್ಚದೆ ಕೆಲವೇ ಗಂಟೆಗಳಲ್ಲಿ ಇದು ಮುಗಿಯುತ್ತದೆ.

ಡಿಜಿಸಿಎ ಮಾಡಬೇಕಾದ ಮೊದಲ ಕೆಲಸ, ತರಬೇತಿ ವಿಮಾನಗಳ ದಾಖಲೆಯಲ್ಲಿ ಗಂಟೆಯ ಪಕ್ಕದಲ್ಲಿ ಇಳಿತಗಳ ಸಂಖ್ಯೆಯನ್ನೂ ಬಿರುಸಿನ ಇಳಿತಗಳನ್ನೂ ಕಡ್ಡಾಯವಾಗಿ ಬರೆಸುವುದು, ವಾರ್ಷಿಕ ಪ್ರಮಾಣಪತ್ರ ಕೊಡುವಾಗ ಅದನ್ನು ನೋಡುವುದು. ತಯಾರಕರ ಹೆಚ್ಚುವರಿ ತಪಾಸಣೆಗಳನ್ನು ತರಬೇತಿ ಸಂಸ್ಥೆಗಳಿಗೆ ಕಠಿಣ ಬಳಕೆಯ ಗಡಿಯಲ್ಲೇ ಅನ್ವಯಿಸಬೇಕು. 2025ರ ಅಕ್ಟೋಬರ್‌ನಿಂದ ಈ ಸಂಸ್ಥೆಗಳಿಗೆ ದರ್ಜೆ ಕೊಡುವ ಕ್ರಮ ಆರಂಭವಾಗಿದೆ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆ ಯಾರಿಗೂ ಸಿಗಲಿಲ್ಲ. ಆ ಪಟ್ಟಿಯಲ್ಲೇ ಪ್ರತಿ ಸಂಸ್ಥೆಯ ವಿಮಾನಗಳ ಗಂಟೆ, ಇಳಿತ, ಸ್ಪಾರ್ ಪರೀಕ್ಷೆಯ ದಿನಾಂಕಗಳನ್ನು ಪ್ರಕಟಿಸಿದರೆ, ಮಗಳನ್ನೋ ಮಗನನ್ನೋ ಸಾಲ ಮಾಡಿ ಪೈಲಟ್ ಓದಿಗೆ ಸೇರಿಸುವ ತಂದೆತಾಯಿ ಹಣ ಕಟ್ಟುವ ಮೊದಲು ಅದನ್ನು ಓದಿಕೊಳ್ಳಬಹುದು.