ಗಾನವು ನಡುವೆ ನಿಂತಾಗ

1968ನೆಯ ಇಸವಿಯ ಅಕ್ಟೋಬರ್ 16ರಂದು, ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿರುವ ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಇನ್ನೂರು ಮೀಟರು ಓಟದಲ್ಲಿ ಎರಡನೆಯವರಾಗಿ ಬಂದ ಆಸ್ಟ್ರೇಲಿಯದ ಪೀಟರ್ ನಾರ್ಮನ್ನರು ಪದಕವನ್ನು ಕೊರಳಲ್ಲಿ ಧರಿಸಿ, ಮೇಲೇರುತ್ತಿದ್ದ ಧ್ವಜಗಳ ಕಡೆಗೆ ಮುಖಮಾಡಿ ನಿಂತಿದ್ದರು. ಅವರ ಬೆನ್ನ ಹಿಂದೆ, 19.83 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದ ಅಮೆರಿಕದ ಟಾಮಿ ಸ್ಮಿತ್ತರೂ, ಮೂರನೆಯ ಸ್ಥಾನವನ್ನು ಗಳಿಸಿದ ಅದೇ ದೇಶದ ಜಾನ್ ಕಾರ್ಲೋಸರೂ ನಿಂತಿದ್ದರು. ಹಿಂದೆ ಏನು ನಡೆಯುತ್ತಿದೆಯೆಂದು ತಿರುಗಿ ನೋಡುವಂತಿರಲಿಲ್ಲ. ಆದರೂ ನಾರ್ಮನ್ನರಿಗೆ ತಿಳಿಯಿತು. ಅಮೆರಿಕದ ರಾಷ್ಟ್ರಗೀತೆಗೆ ದನಿಗೂಡಿಸಿ ಪ್ರೇಕ್ಷಕರ ನಡುವಿನಿಂದ ಕೇಳಿಬರುತ್ತಿದ್ದ ಕಂಠವೊಂದು ಕ್ಷೀಣಿಸುತ್ತ ಬಂದು ನಡುವೆಯೇ ಅಡಗಿಹೋಯಿತು, ಕ್ರೀಡಾಂಗಣವು ನಿಶ್ಶಬ್ದವಾಯಿತು. ಜೊತೆಗಾರರು ಮಾಡುವೆವೆಂದಿದ್ದುದನ್ನು ಮಾಡಿಬಿಟ್ಟರೆಂದು ತಾವು ಅರಿತುದು ಹಾಗೆಯೇ ಎಂದು ಅವರು ಅನಂತರ ನೆನೆದುಕೊಂಡರು.

ತಲೆ ಬಾಗಿಸಿ, ಕರಿಯ ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿ ನಿಂತ ಆ ಇಬ್ಬರು ಕರಿಯ ಓಟಗಾರರ ಚಿತ್ರವನ್ನು ಲೋಕವು ಎದುರಿನಿಂದ ನೋಡಿದೆ. ಅವರ ಕಾಲುಗಳಲ್ಲಿ ಪಾದರಕ್ಷೆಯಿಲ್ಲದೆ ಕರಿಯ ಕಾಲುಚೀಲಗಳು ಮಾತ್ರವಿದ್ದುದು ತಮ್ಮ ಜನರ ದಾರಿದ್ರ್ಯದ ಕುರುಹು. ಕಾರ್ಲೋಸರ ಕೊರಳಿನ ಮಣಿಸರವು, ಉನ್ಮತ್ತ ಗುಂಪುಗಳ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಕರಿಯರ ಸ್ಮರಣೆ. ಕಾರ್ಲೋಸರು ತಮ್ಮ ಕೈಗವಸುಗಳನ್ನು ಬಿಡಾರದಲ್ಲಿ ಮರೆತು ಬಂದಿದ್ದುದರಿಂದ, ಇದ್ದ ಒಂದು ಜೊತೆಯನ್ನೇ ಇಬ್ಬರೂ ಹಂಚಿಕೊಳ್ಳಿರೆಂದು ಸೂಚಿಸಿದವರು ನಾರ್ಮನ್ನರು. ಒಬ್ಬರ ಬಲಗೈಯೂ ಇನ್ನೊಬ್ಬರ ಎಡಗೈಯೂ ಮೇಲೆದ್ದುದಕ್ಕೆ ಅದೇ ಕಾರಣ. ಈ ವಿವರಗಳು ಎಷ್ಟೇ ಹೃದಯಸ್ಪರ್ಶಿಯಾಗಿದ್ದರೂ, ಮನಶ್ಶಾಸ್ತ್ರದ ದೃಷ್ಟಿಯಿಂದ ನನಗೆ ಹೆಚ್ಚು ಬೋಧಪ್ರದವಾಗಿ ತೋರುವುದು ಬೆನ್ನುಮಾಡಿ ನಿಂತ ಆ ಆಸ್ಟ್ರೇಲಿಯದವರ ಸ್ಥಿತಿ. ಅವರು ಪ್ರತಿಭಟನೆಯನ್ನು ಕಾಣಲಿಲ್ಲ, ಅದು ನೋಡುವವರ ಅಂತರಂಗದಲ್ಲಿ ಏನನ್ನು ಮಾಡಿತೆಂಬುದನ್ನು ಮಾತ್ರ ಕೇಳಿದರು. ಮೌನವು ಬಹಳ ಹೊತ್ತು ನಿಲ್ಲಲಿಲ್ಲ. ವೇದಿಕೆಯಿಂದಿಳಿದು ಹೋಗುವಾಗ, ಸ್ವಲ್ಪ ಹೊತ್ತಿನ ಮುಂಚೆ ಜಯಘೋಷ ಮಾಡಿದ್ದ ಪ್ರೇಕ್ಷಕ ಸಮೂಹದೊಳಗಿನಿಂದಲೇ ಧಿಕ್ಕಾರದ ಕೂಗು ಎದ್ದಿತು. ಒಂದು ಭಂಗಿಯು, ಒಂದು ಮಾತನ್ನೂ ಆಡದೆ, ಇಷ್ಟು ಜನರನ್ನು ಇಷ್ಟು ಬೇಗ ಹೇಗೆ ಕಲಕಿತು?

ಇದಕ್ಕೆ ಉತ್ತರವನ್ನು ಅರಸುವವರು ಮೊದಲು ರಾಷ್ಟ್ರಗೀತೆಯು ಹಾಡುವವರ ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತದೆಂಬುದನ್ನು ವಿಚಾರಿಸಬೇಕು. ಸಾವಿರಾರು ಜನ ಒಟ್ಟಿಗೆ ಎದ್ದು, ಒಂದೇ ಲಯದಲ್ಲಿ ಉಸಿರೆಳೆದು, ಒಂದೇ ಪದವನ್ನು ಒಂದೇ ಕ್ಷಣದಲ್ಲಿ ಉಚ್ಚರಿಸುವಾಗ, ತಾನು ತನಗಿಂತ ದೊಡ್ಡದೊಂದರ ಅಂಗವೆಂಬ ಭಾವವು ಪ್ರತಿಯೊಬ್ಬನಲ್ಲಿಯೂ ಉಕ್ಕುವುದೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞರಾದ ಎಮಿಲ್ ಡರ್ಕೈಮರು ಧಾರ್ಮಿಕ ವಿಧಿಗಳನ್ನು ಕುರಿತ ತಮ್ಮ 1912ರ ಗ್ರಂಥದಲ್ಲಿ ವಿವರಿಸಿದ್ದರು. ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಕಾಟ್ ವಿಲ್ಟರ್‌ಮತ್ ಮತ್ತು ಚಿಪ್ ಹೀತ್ ಎಂಬ ಇಬ್ಬರು ವಿದ್ವಾಂಸರು. 2009ರಲ್ಲಿ ಪ್ರಕಟವಾದ ಅವರ ಪ್ರಯೋಗಗಳೊಂದರಲ್ಲಿ, ಕಿವಿಗೆ ಹೆಡ್‌ಫೋನ್ ತೊಟ್ಟ ವಿದ್ಯಾರ್ಥಿಗಳಿಗೆ ನೆರೆದೇಶವಾದ ಕೆನಡದ ರಾಷ್ಟ್ರಗೀತೆಯನ್ನು ಕೇಳಿಸಿ, ಕೆಲವರನ್ನು ಒಬ್ಬರೊಡನೊಬ್ಬರು ಲಯಗೂಡಿ ಹಾಡುವಂತೆಯೂ, ಮೇಜಿನ ಮೇಲಿನ ಲೋಟವನ್ನು ತಾಳಕ್ಕೆ ಸರಿಯಾಗಿ ಅತ್ತಿತ್ತ ಸರಿಸುವಂತೆಯೂ ಮಾಡಿದರು; ಬೇರೆ ಕೆಲವರಿಗೆ ತಾಳವು ಒಬ್ಬೊಬ್ಬರಿಗೆ ಒಂದೊಂದು ವೇಗದಲ್ಲಿ ಕೇಳಿಸುವಂತೆ ಏರ್ಪಡಿಸಿದರು. ಅನಂತರ ಹಣವನ್ನು ಒಡ್ಡಿ ಆಡುವ ಸಹಕಾರದ ಆಟವೊಂದಕ್ಕೆ ಕೂರಿಸಿದಾಗ, ಲಯಗೂಡಿದ್ದವರು ಪರಸ್ಪರ ಹೆಚ್ಚಾಗಿ ನೆಚ್ಚಿದರು, ಸಾಮಾನ್ಯ ನಿಧಿಗೆ ಹೆಚ್ಚಾಗಿ ಕೊಟ್ಟರು. ಕೆಲವು ನಿಮಿಷಗಳ ಒಂದು ಹಾಡು ಅಪರಿಚಿತರನ್ನು ಹೀಗೆ ಬೆಸೆಯಬಲ್ಲುದಾದರೆ, ಬಾಲ್ಯದಿಂದ ಕೇಳಿ ಬೆಳೆದ ಗೀತೆಯ ಬೆಸುಗೆ ಎಷ್ಟು ಗಾಢವಾಗಿರಬೇಕು! ಆ ಬೆಸುಗೆಯ ನಟ್ಟನಡುವೆ ಒಬ್ಬನು ತಾಳ ತಪ್ಪಿಸಿ ನಿಂತಾಗ ಉಳಿದವರಿಗೆ ಆಗುವ ನೋವು ಕಲ್ಪಿತವಾದುದಲ್ಲ.

ಅಮೆರಿಕದಲ್ಲಿ ಈ ಬೆಸುಗೆಗೆ ಯುದ್ಧದ ನೆನಪೂ ಕೂಡಿಕೊಂಡಿದೆ. 1918ರ ಸೆಪ್ಟೆಂಬರಿನಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಶಿಕಾಗೋ ನಗರದಲ್ಲಿ ನಡೆದ ಬೇಸ್‌ಬಾಲ್ ಪಂದ್ಯವೊಂದರ ಏಳನೆಯ ಸರದಿಯ ವಿರಾಮದಲ್ಲಿ ವಾದ್ಯಗಾರರು ಇಂದಿನ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಲು, ನೌಕಾದಳದಿಂದ ರಜೆಯ ಮೇಲೆ ಬಂದು ಆಡುತ್ತಿದ್ದ ಫ್ರೆಡ್ ಥಾಮಸ್ಸರು ಧ್ವಜದ ಕಡೆ ತಿರುಗಿ ಸೈನಿಕ ವಂದನೆ ಸಲ್ಲಿಸಿದರಂತೆ. ಪ್ರೇಕ್ಷಕರು ಹಾಡಲಾರಂಭಿಸಿ ಕೊನೆಗೆ ಕರತಾಡನದಿಂದ ಮೈದಾನವನ್ನೇ ತುಂಬಿದರು. ಗೀತೆಗೆ ರಾಷ್ಟ್ರಗೀತೆಯೆಂಬ ಅಧಿಕೃತ ಸ್ಥಾನವು ದೊರೆತುದು 1931ರಲ್ಲಿ; ಪ್ರತಿ ಪಂದ್ಯಕ್ಕೂ ಮುನ್ನ ಅದನ್ನು ನುಡಿಸುವ ಪದ್ಧತಿಯು ಬೇರೂರಿದುದು ಎರಡನೆಯ ಮಹಾಯುದ್ಧದೊಂದಿಗೆ. ಆದುದರಿಂದಲೇ ಆಟಗಾರನೊಬ್ಬನು ಪೊಲೀಸರ ಕ್ರೌರ್ಯವನ್ನು ಕುರಿತು ಮಾತಾಡುತ್ತಿದ್ದರೂ, ಗ್ಯಾಲರಿಯಲ್ಲಿ ಕುಳಿತ ತಂದೆಗೆ, ಸಮರದಿಂದ ಮರಳಿ ಬಾರದ ತನ್ನ ಮಗನಿಗೆ ಅವಮಾನವಾಯಿತೆಂದು ಕೇಳಿಸಬಹುದು.

2016ರಲ್ಲಿ ಆದುದು ಇದೇ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ಫುಟ್‌ಬಾಲ್ ತಂಡದ ಕಾಲಿನ್ ಕೆಪರ್ನಿಕ್ಕರು, ಕರಿಯರ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಪ್ರತಿಭಟಿಸಿ, ಗೀತೆಯ ವೇಳೆ ಎದ್ದು ನಿಲ್ಲದೆ ಬೆಂಚಿನ ಮೇಲೆ ಕುಳಿತರು. ಮೊದಲೆರಡು ಪಂದ್ಯಗಳಲ್ಲಿ ಅದನ್ನು ಯಾರೂ ಗಮನಿಸಲೇ ಇಲ್ಲ. ಆಗಸ್ಟ್ 26ರ ಮೂರನೆಯ ಪಂದ್ಯದ ಅನಂತರವೇ ಕೋಲಾಹಲವೆದ್ದಿತು. ಸೇನೆಯ ವಿಶೇಷ ದಳದಲ್ಲಿದ್ದು ಬಳಿಕ ಫುಟ್‌ಬಾಲ್ ಆಡಿದ ನೇಟ್ ಬಾಯರ್ ಎಂಬವರು ಅವರನ್ನು ಕಂಡು, ಮಡಿದ ಜೊತೆಗಾರನ ಸಮಾಧಿಯ ಮುಂದೆ ಸೈನಿಕರು ಮೊಣಕಾಲೂರುವುದುಂಟು, ಕುಳಿತಿರುವುದಕ್ಕಿಂತ ಅದು ಗೌರವದ ಭಂಗಿಯೆಂದು ತಿಳಿಸಿದರು. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೋ ನಗರದಲ್ಲಿ ಕೆಪರ್ನಿಕ್ಕರು ಮೊದಲ ಬಾರಿಗೆ ಮೊಣಕಾಲೂರಿದರು. ಹೀಗೆ, ಮರ್ಯಾದೆಯನ್ನು ಸೂಚಿಸಲೆಂದೇ, ಒಬ್ಬ ಮಾಜಿ ಸೈನಿಕನೊಡನೆ ಆಲೋಚಿಸಿ ಆರಿಸಿಕೊಂಡ ಭಂಗಿಯೇ ಕೋಟ್ಯಂತರ ಜನರಿಗೆ ಅವಮರ್ಯಾದೆಯ ಪರಾಕಾಷ್ಠೆಯಾಗಿ ತೋರಿತು. ಅವರ ಹೆಸರಿದ್ದ ಜರ್ಸಿ ಅಂಗಿಗಳನ್ನು ಅಭಿಮಾನಿಗಳು ಬೀದಿಯಲ್ಲಿಟ್ಟು ಸುಟ್ಟರು. ಅದೇ ದಿನಗಳಲ್ಲಿ ಆ ಜರ್ಸಿಯೇ ಲೀಗಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾಯಿತು.

ಸುಟ್ಟವರೂ ಕೊಂಡವರೂ ನೋಡಿದುದು ಒಂದೇ ಮೊಣಕಾಲನ್ನು. ಹಾಗಾದರೆ ಅರ್ಥವು ಇಬ್ಭಾಗವಾದುದೆಲ್ಲಿ? ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಿಟ್ಜ್ ಹೈಡರ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಮಂಡಿಸಿದ ಸಮತೋಲನ ಸಿದ್ಧಾಂತವು ಇಲ್ಲಿ ನೆರವಾಗುತ್ತದೆ. ಒಂದು ತ್ರಿಕೋನವನ್ನು ಕಲ್ಪಿಸಿಕೊಳ್ಳಿ: ಒಂದು ಮೂಲೆಯಲ್ಲಿ ಅಭಿಮಾನಿ, ಮತ್ತೊಂದರಲ್ಲಿ ಅವನ ನೆಚ್ಚಿನ ಆಟಗಾರ, ಮೂರನೆಯದರಲ್ಲಿ ಧ್ವಜ. ಅಭಿಮಾನಿಗೆ ಆಟಗಾರನ ಮೇಲೆಯೂ ಧ್ವಜದ ಮೇಲೆಯೂ ಪ್ರೀತಿ; ಆದರೆ ಆಟಗಾರನಿಗೂ ಧ್ವಜಕ್ಕೂ ನಡುವೆ ವಿರಸ ಬಂದಂತೆ ಕಂಡೊಡನೆ ತ್ರಿಕೋನವು ಓಲಾಡುತ್ತದೆ, ಮನಸ್ಸಿಗೆ ಆ ಸ್ಥಿತಿಯಲ್ಲಿ ಬಹಳ ಕಾಲ ಇರಲಾಗದು. ಆಟಗಾರನನ್ನು ತ್ಯಜಿಸಿದರೆ ಸಮತೋಲನ ಮರಳುತ್ತದೆ. ಅವನು ಧ್ವಜವನ್ನು ದ್ವೇಷಿಸುತ್ತಿಲ್ಲ, ಅದರ ವಾಗ್ದಾನವನ್ನು ನೆನಪಿಸುತ್ತಿದ್ದಾನೆಂದು ತಿಳಿದುಕೊಂಡರೂ ಮರಳುತ್ತದೆ. ಮೊದಲನೆಯದು ಸುಲಭ, ಒಂದು ಬೆಂಕಿಕಡ್ಡಿಯ ಕೆಲಸ. ಎರಡನೆಯದಕ್ಕೆ ಆಟಗಾರನ ಮಾತನ್ನು ಕುಳಿತು ಕೇಳಬೇಕಾಗುತ್ತದೆ.

ಕಣ್ಣು ಕಂಡದ್ದನ್ನು ಬುದ್ಧಿಯು ಅನಂತರ ವ್ಯಾಖ್ಯಾನಿಸುತ್ತದೆಂದು ನಾವು ಎಣಿಸುವುದು ಸಹಜ. ಆದರೆ ಪಕ್ಷಪಾತವು ಕಣ್ಣಿನ ಮಟ್ಟದಲ್ಲಿಯೇ ಕೆಲಸ ಮಾಡುತ್ತದೆಂಬುದನ್ನು ತೋರಿಸಿದ ಹಳೆಯ ಅಧ್ಯಯನವೊಂದುಂಟು. 1951ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ನಡೆದ ಒರಟು ಫುಟ್‌ಬಾಲ್ ಪಂದ್ಯದ ಚಿತ್ರವನ್ನು ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಡಾರ್ಟ್‌ಮತ್ ತಂಡವು ಎಷ್ಟು ಸಲ ನಿಯಮ ಮುರಿಯಿತೆಂದು ಎಣಿಸಹೇಳಿದರು. ಪ್ರಿನ್ಸ್‌ಟನ್ನಿನವರ ಎಣಿಕೆ ಸರಾಸರಿ 9.8, ಡಾರ್ಟ್‌ಮತ್ತಿನವರದು 4.3. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, 2012ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ಡ್ಯಾನ್ ಕಹಾನರೂ ಅವರ ಸಹೋದ್ಯೋಗಿಗಳೂ ಇದೇ ಉಪಾಯವನ್ನು ಪ್ರತಿಭಟನೆಗೆ ಅನ್ವಯಿಸಿದರು. ಕಟ್ಟಡವೊಂದರ ಮುಂದೆ ಜನ ಘೋಷಣೆ ಕೂಗುತ್ತಿರುವುದನ್ನೂ ಪೊಲೀಸರು ಅವರನ್ನು ಚದರಿಸುವುದನ್ನೂ ತೋರುವ ಒಂದೇ ಚಿತ್ರವನ್ನು 202 ಜನ ಅಮೆರಿಕನರು ನೋಡಿದರು. ಅರ್ಧದಷ್ಟು ಜನಕ್ಕೆ, ಅವರು ಗರ್ಭಪಾತದ ಚಿಕಿತ್ಸಾಲಯವನ್ನು ವಿರೋಧಿಸುವವರೆಂದು ಹೇಳಲಾಗಿತ್ತು. ಉಳಿದವರಿಗೆ, ಸಲಿಂಗಕಾಮಿಗಳ ಬಗೆಗಿನ ಸೇನೆಯ ನೀತಿಯನ್ನು ಖಂಡಿಸಿ ಸೇನಾಭರ್ತಿಯ ಕಚೇರಿಯೆದುರು ನೆರೆದವರೆಂದು. ತಮಗೆ ಪ್ರಿಯವಾದ ಉದ್ದೇಶವೆಂದು ತಿಳಿದವರು ಶಾಂತವಾಗಿ ಮನವೊಲಿಸುವವರನ್ನು ಕಂಡರು. ಅಪ್ರಿಯವೆಂದು ತಿಳಿದವರು ದಾರಿಯನ್ನಡ್ಡಗಟ್ಟಿ ಬೆದರಿಸುವವರನ್ನು ಕಂಡರು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನನ್ನನ್ನು ಈ ಅಧ್ಯಯನದಲ್ಲಿ ಬಹುವಾಗಿ ಕಾಡುವುದು ಆ ಪ್ರಾಮಾಣಿಕತೆಯೇ.

ಇನ್ನೊಂದು ಗಂಟು ಉಳಿಯುತ್ತದೆ. ಪರದೇಶದ ಆಟಗಾರನು ನಮ್ಮ ಗೀತೆಗೆ ಎದ್ದು ನಿಲ್ಲದಿದ್ದರೆ ಹುಬ್ಬುಗಂಟಿಕ್ಕಿ ಸುಮ್ಮನಾಗುವ ನಾವು, ನಮ್ಮವನೇ ಹಾಗೆ ಮಾಡಿದಾಗ ಉರಿದೇಳುವುದೇಕೆ? ಮನೆಯ ಮಗನಿಗೆ ಬೀಳುವ ಪೆಟ್ಟು ನೆರೆಮನೆಯ ಹುಡುಗನಿಗೆ ಬೀಳುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಬೆಲ್ಜಿಯಮ್ಮಿನ ವಿದ್ಯಾರ್ಥಿಗಳನ್ನು ಕುರಿತ, 1988ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಜೋಸೆ ಮಾರ್ಕೆಸ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಅಳೆದರು: ಅಪ್ರಿಯವಾಗಿ ನಡೆದುಕೊಳ್ಳುವ ಸ್ವದೇಶೀಯನನ್ನು, ಹಾಗೆಯೇ ನಡೆದುಕೊಳ್ಳುವ ಪರದೇಶೀಯನಿಗಿಂತ ಕಠಿನವಾಗಿ ಆ ವಿದ್ಯಾರ್ಥಿಗಳು ಖಂಡಿಸಿದರು. ನಮ್ಮವನ ತಪ್ಪು ನಮ್ಮ ಹೆಸರಿಗೇ ಅಂಟುವ ಮಸಿಯಾದುದರಿಂದ, ಅವನನ್ನು ದೂರ ತಳ್ಳಿ ನಾವು ಶುದ್ಧರಾಗಲೆಳಸುತ್ತೇವೆ.

ಆದರೆ ಕರಿಯ ಓಟಗಾರನು ಮೆಕ್ಸಿಕೋ ನಗರದ ಆ ಪ್ರೇಕ್ಷಕರಿಗೆ ಯಾವಾಗ ‘ನಮ್ಮವನು’ ಆಗಿದ್ದನು? ರಾಬರ್ಟ್ ಚಾಲ್ಡೀನಿಯವರು 1976ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕಾಲೇಜಿನ ತಂಡವು ಗೆದ್ದಾಗ ವಿದ್ಯಾರ್ಥಿಗಳು ‘ನಾವು ಗೆದ್ದೆವು’ ಎನ್ನುವುದೂ, ಸೋತಾಗ ‘ಅವರು ಸೋತರು’ ಎನ್ನುವುದೂ ಹೆಚ್ಚೆಂದು ಕಂಡುಬಂದಿತು. ಇದನ್ನು ಸ್ಮಿತ್ತರು ಎಂಟು ವರ್ಷಗಳ ಮೊದಲೇ, ಪದಕ ಧರಿಸಿದ ದಿನವೇ, ಅದರ ಇನ್ನೊಂದು ಬದಿಯಿಂದ ನೋಡಿ ಹೇಳಿದ್ದರು: ತಾನು ಗೆದ್ದರೆ ಅಮೆರಿಕನ್, ಕೆಟ್ಟದ್ದೇನಾದರೂ ಮಾಡಿದರೆ ನೀಗ್ರೋ ಎಂಬುದು ಅವರ ಮಾತಿನ ತಾತ್ಪರ್ಯ. ಮುಷ್ಟಿಯು ಕೇಳುತ್ತಿದ್ದುದು ಷರತ್ತಿಲ್ಲದ ಒಂದು ‘ನಾವು’ ಎಂಬುದನ್ನು. ಅದು ನ್ಯಾಯವಾದ ಬೇಡಿಕೆಯೆಂದೇ ನಾನು ನಂಬಿದ್ದೇನೆ. ಆದರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಏವರಿ ಬ್ರಂಡೇಜರ ಒತ್ತಾಯದಿಂದ ಸ್ಮಿತ್ತರನ್ನೂ ಕಾರ್ಲೋಸರನ್ನೂ ಕ್ರೀಡಾಕೂಟದಿಂದ ಹೊರಗಟ್ಟಲಾಯಿತು.

ಅದೇ ಕೂಟದಲ್ಲಿ, ಕೆಲವೇ ದಿನಗಳ ಅನಂತರ, ಚೆಕೊಸ್ಲೊವಾಕಿಯದ ವ್ಯಾಯಾಮಪಟು ವೇರಾ ಚಾಸ್ಲಾವ್‌ಸ್ಕಾ ಅವರು ಸೋವಿಯತ್ ಗೀತೆ ನುಡಿಯುತ್ತಿರುವಾಗ ತಲೆಯನ್ನು ಬಗ್ಗಿಸಿ ಪಕ್ಕಕ್ಕೆ ತಿರುಗಿಸಿದರು. ಆಗಸ್ಟಿನಲ್ಲಿ ಸೋವಿಯತ್ ಸೇನೆಯು ಅವರ ದೇಶವನ್ನು ಆಕ್ರಮಿಸಿತ್ತು. ಆ ಗೀತೆಯು ಆಕೆಯ ಜನರದಾಗಿರಲಿಲ್ಲವಾಗಿ ಅವರ ತ್ರಿಕೋನವು ಅಲುಗಲಿಲ್ಲ. ಸರಕಾರವು ಆಕೆಯನ್ನು ದಂಡಿಸಿದರೂ ಜನರು ಹೃದಯದಲ್ಲಿಟ್ಟುಕೊಂಡರು.

ಗೀತೆಯೂ ತಮ್ಮದು, ಆಟಗಾರರೂ ತಮ್ಮವರು, ಆದರೆ ಆಳುವವರು ತಮ್ಮವರಲ್ಲವೆಂದು ಪ್ರೇಕ್ಷಕರಿಗೆ ಅನ್ನಿಸಿದಾಗ ಏನಾಗುವುದೆಂಬುದು 2022ರ ನವೆಂಬರಿನಲ್ಲಿ ಕಂಡಿತು. ಮಹ್ಸಾ ಅಮಿನಿ ಎಂಬ ಯುವತಿಯು ಪೊಲೀಸರ ವಶದಲ್ಲಿದ್ದಾಗ ಮೃತಳಾದುದಕ್ಕೆ ಇರಾನ್ ದೇಶವೆಲ್ಲ ಹೊತ್ತಿ ಉರಿಯುತ್ತಿರಲು, ಕತಾರಿನ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನೆದುರು ಸಾಲುಗಟ್ಟಿ ನಿಂತ ಇರಾನಿ ಆಟಗಾರರು ಗೀತೆಗೆ ತುಟಿ ತೆರೆಯಲಿಲ್ಲ. ಧಿಕ್ಕಾರದ ಕೂಗು ಎದ್ದಿತು, ಆದರೆ ಅದು ಗೀತೆಯ ಮೇಲೆ. ನಾಲ್ಕು ದಿನಗಳ ಬಳಿಕ ವೇಲ್ಸಿನೆದುರು ಅವರ ತುಟಿಗಳು ಕದಲಿದವು, ಮೆಲ್ಲಗೆ. ಆಗಲೂ ಗ್ಯಾಲರಿಯಲ್ಲಿ ಶಿಳ್ಳೆ ಹಾಕಿದವರಿದ್ದರು, ಕಣ್ಣೀರಿಟ್ಟವರಿದ್ದರು. ಆಟವು ತೊಂಬತ್ತು ನಿಮಿಷಗಳನ್ನು ದಾಟಿ, 98ನೆಯ ನಿಮಿಷದಲ್ಲಿ ಇರಾನಿನ ಮೊದಲನೆಯ ಗೋಲೂ 101ನೆಯ ನಿಮಿಷದಲ್ಲಿ ಎರಡನೆಯದೂ ಬಂದಾಗ, ಆಟಗಾರರು ಓಡಿದುದು ಆ ಗ್ಯಾಲರಿಗಳ ಮುಂದೆಯೇ, ಮತ್ತು ಆ ಗ್ಯಾಲರಿಗಳು ಹರ್ಷದಿಂದ ಬೊಬ್ಬಿರಿದವು.