ಅಮೆರಿಕದ ಹಕ್ಕಿಗಳಿಗೆ ಹುಚ್ಚೆಳ್ಳು ಬೇಕು, ಜೋಳ ಬೇಡ

ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆಗೆ ಚಟ್ನಿಪುಡಿಯಾಗಿ ಬಡಿಸುವ ಗುರೆಳ್ಳು, ಅಂದರೆ ಹುಚ್ಚೆಳ್ಳು, ಅಮೆರಿಕದ ನಗರಗಳಲ್ಲಿ ಹಕ್ಕಿಗಳ ಆಹಾರ. ಭಾರತ, ಇಥಿಯೋಪಿಯಗಳಿಂದ ಅದು ಅಲ್ಲಿಗೆ ರಫ್ತಾಗುತ್ತದೆ. ಕಸ್ಕ್ಯೂಟ ಎಂಬ ಪರಾವಲಂಬಿ ಕಳೆಯ ಬೀಜ ಅದರೊಡನೆ ಬಂದೀತೆಂಬ ಕಾರಣಕ್ಕೆ ಶಾಖದಿಂದ ಸಂಸ್ಕರಿಸಿದ ಮೇಲೆಯೇ ಮಾರಾಟಕ್ಕೆ ಅವಕಾಶ. ಸಣ್ಣ ಸೀಳುಗಳಿರುವ ಕೊಳವೆಯಲ್ಲಿ ಇದನ್ನು ತುಂಬಿ ತೂಗುಹಾಕಿದರೆ, ಚೂಪು ಕೊಕ್ಕಿನ ಹಳದಿ ಗೋಲ್ಡ್‌ಫಿಂಚ್‌ಗಳು ಸಾಲಾಗಿ ಬಂದು ಕೂರುತ್ತವೆ.

ಹಕ್ಕಿಗಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ ಎಂಬುದು ತಪ್ಪು ಕಲ್ಪನೆ. ಅಮೆರಿಕ ಸರ್ಕಾರದ ವನ್ಯಜೀವಿ ಇಲಾಖೆಯ ವಿಜ್ಞಾನಿ ಏಲ್ರೆಡ್ ಗೈಸ್ ಬಗೆಬಗೆಯ ಕಾಳುಗಳನ್ನಿಟ್ಟು ಪರೀಕ್ಷಿಸಿ 1980ರಲ್ಲಿ ವರದಿ ಪ್ರಕಟಿಸಿದರು. ಕಪ್ಪು ಸೂರ್ಯಕಾಂತಿ ಬೀಜ ಮತ್ತು ಬಿಳಿ ಬರಗು ಹೆಚ್ಚು ಹಕ್ಕಿಗಳನ್ನು ಸೆಳೆದವು. ಗೋಧಿ, ಓಟ್ಸ್, ಕೆಂಪು ಜೋಳಗಳತ್ತ ಬಂದವು ಕಡಿಮೆ. ಕಪ್ಪು ಸೂರ್ಯಕಾಂತಿಯ ಸಿಪ್ಪೆ ತೆಳು, ಒಳಗಿನ ತಿರುಳಿನಲ್ಲಿ ಎಣ್ಣೆ ಸಮೃದ್ಧ. ಚಳಿಗಾಲದ ದೀರ್ಘ ರಾತ್ರಿಯನ್ನು ಮೈಶಾಖದಿಂದಲೇ ಕಳೆಯಬೇಕಾದ ಚಿಕಡಿಯಂಥ ಪುಟ್ಟ ಹಕ್ಕಿಗೆ ಅಲ್ಪ ಶ್ರಮದಲ್ಲಿ ಅಧಿಕ ಕೊಬ್ಬು ಸಿಗುವುದು ಬದುಕುಳಿಯುವ ಪ್ರಶ್ನೆ. ನೆಲದಲ್ಲಿ ಹೆಕ್ಕುವ ಪಾರಿವಾಳ ಜಾತಿಯವಕ್ಕೂ ಗುಬ್ಬಚ್ಚಿಗಳಿಗೂ ಬರಗು ಪ್ರಿಯ. ನೈಋತ್ಯದ ಒಣ ರಾಜ್ಯಗಳ ಕೆಲವು ಹಕ್ಕಿಗಳು ಮಾತ್ರ ಜೋಳವನ್ನು ಮೆಚ್ಚುತ್ತವೆ.

ಆದರೂ ಅಗ್ಗದ ಮಿಶ್ರಣದ ಚೀಲಗಳಲ್ಲಿ ತೂಕಕ್ಕಾಗಿ ತುಂಬುವುದು ಈ ಕೆಂಪು ಜೋಳವನ್ನೇ. ಹಕ್ಕಿಗಳು ಬೇಡದ ಕಾಳನ್ನು ಕೊಕ್ಕಿನಿಂದ ಕೆದಕಿ ಕೆಳಗೆ ಚೆಲ್ಲುತ್ತವೆ. ಚೆಲ್ಲಿದ್ದು ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಇಲಿಗಳನ್ನು ಕರೆಯುತ್ತದೆ. ಹಿಕ್ಕೆ ಬೆರೆತ ಕಾಳಿನಿಂದ ರೋಗವೂ ಹರಡುತ್ತದೆ. 2020-21ರ ಚಳಿಗಾಲದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳು ಸಾಲ್ಮೊನೆಲ್ಲಾ ಸೋಂಕಿನಿಂದ ಸತ್ತಾಗ, ಫೀಡರ್‌ಗಳನ್ನು ಕೆಲಕಾಲ ತೆಗೆದಿಡಿ ಎಂದು ಅಧಿಕಾರಿಗಳೇ ಕೋರಬೇಕಾಯಿತು.

ಬರಗಿಗೂ ಒಂದು ತೊಡಕಿದೆ. ಬೆಂಗಳೂರಿನಲ್ಲಿ ಕಾಣೆಯಾಯಿತೆಂದು ಜನ ಮರುಗುವ ಗುಬ್ಬಚ್ಚಿ ಅಲ್ಲಿ ಬೇಡದ ಅತಿಥಿ. 1850ರ ದಶಕದಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ತಂದು ಬಿಟ್ಟ ಅದು ದೇಶವಿಡೀ ಹಬ್ಬಿ, ಸ್ಥಳೀಯ ಬ್ಲೂಬರ್ಡ್‌ಗಳ ಗೂಡನ್ನು ಕಸಿಯುತ್ತದೆ. ಆದ್ದರಿಂದ ಬ್ಲೂಬರ್ಡ್ ಪ್ರಿಯರು ಬರಗನ್ನು ಬಿಟ್ಟು ಹುಚ್ಚೆಳ್ಳನ್ನು ಇಡುವುದುಂಟು.

ಅದೂ ತಾಜಾ ಆಗಿರಬೇಕು. ಬಹುಕಾಲ ದಾಸ್ತಾನಿನಲ್ಲಿದ್ದು ಎಣ್ಣೆಯ ಪಸೆ ಆರಿದ ಹುಚ್ಚೆಳ್ಳನ್ನು ಗೋಲ್ಡ್‌ಫಿಂಚ್ ಮುಟ್ಟುವುದಿಲ್ಲ. ನಾಲ್ಕು ಕಾಳನ್ನು ಬಿಳಿ ಕಾಗದದ ಮೇಲೆ ಅರೆದು ನೋಡಿದರೆ ತಿಳಿಯುತ್ತದೆ: ಎಣ್ಣೆಯ ಕಲೆ ಮೂಡದಿದ್ದರೆ ಆ ಚೀಲ ಹಳೆಯದು.