ಪಂಕ್ತಿ ತಪ್ಪಿದ ಡಿಸ್ಕು

ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಇನ್ನೊಂದು ಡಿಸ್ಕು ಹಾಕಿದೆ. ಸಾಟಾ ಕೇಬಲ್ ಸಿಕ್ಕಿಸಿ, ಸ್ಕ್ರೂ ಬಿಗಿದು ಸ್ವಿಚ್ ಒತ್ತಿದರೆ, ಕಪ್ಪು ಪರದೆಯ ಮೇಲೆ ಕೆಂಪು ನಕ್ಷತ್ರವೊಂದು ಅತ್ತಿಂದಿತ್ತ ಓಡಾಡತೊಡಗಿತು. ಯಾವುದೋ ಡಿಸ್ಕಿಗೆ ಕಾಯುತ್ತಿದ್ದೇನೆ ಎಂದು ಬರೆದುಕೊಂಡು ಪಕ್ಕದಲ್ಲೇ ಸೆಕೆಂಡು ಎಣಿಸುತ್ತಿತ್ತು. 90 ಸೆಕೆಂಡು ಕಾದು, ‘ಎಮರ್ಜೆನ್ಸಿ ಮೋಡ್’ ಎಂದು ಹೇಳಿ ಕೂತುಬಿಟ್ಟಿತು. ಹತ್ತು ವರ್ಷದ ಫೋಟೋಗಳು ಆ ಪೆಟ್ಟಿಗೆಯಲ್ಲಿದ್ದವು. ಹೊಸ ಡಿಸ್ಕು ತೆಗೆದರೆ ಎಲ್ಲ ಮಾಮೂಲು, ಹಾಕಿದರೆ ಮತ್ತೆ ಅದೇ ರಗಳೆ.

ಕಂಪ್ಯೂಟರ್ ಏಳುವ ರೀತಿಯೇ ವಿಚಿತ್ರ. ಕರೆಂಟು ಬಂದಾಗ ಅದರ ಮೆಮೊರಿ ಖಾಲಿ. ಡಿಸ್ಕನ್ನು ಓದಬೇಕಾದ ಪ್ರೋಗ್ರಾಮೂ ಡಿಸ್ಕಿನಲ್ಲೇ ಇದೆ. ಅದಕ್ಕೇ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ ಮೊದಲು ಎದ್ದು, ಡಿಸ್ಕಿನ ತೀರಾ ಮೊದಲ 512 ಬೈಟುಗಳನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ಅದರಲ್ಲಿ 64 ಬೈಟು ಡಿಸ್ಕಿನ ಭಾಗಗಳ, ಅಂದರೆ ಪಾರ್ಟಿಶನ್‌ಗಳ ಪಟ್ಟಿಗೆ, 2 ಬೈಟು ಗುರುತಿನ ಮುದ್ರೆಗೆ ಹೋದರೆ ಪ್ರೋಗ್ರಾಮಿಗೆ ಉಳಿಯುವುದು 446. ಅದೆಷ್ಟು ಇಕ್ಕಟ್ಟು ಎಂದರೆ, ಯುಟಿಎಫ್-8 ಕ್ರಮದಲ್ಲಿ ‘ಕ್ಷಿ’ ಎಂದು ಬರೆಯಲು 12 ಬೈಟು ಬೇಕು: ಕ, ಹಲಂತ, ಷ, ಗುಡಿಸು, ತಲಾ ಮೂರು. ಮೂವತ್ತೇಳು ‘ಕ್ಷಿ’ ಬರೆಯುವಷ್ಟರಲ್ಲಿ ಜಾಗ ಮುಗಿಯಿತು! ಇಷ್ಟು ಪುಟ್ಟ ಪ್ರೋಗ್ರಾಮಿಗೆ ಗೊತ್ತಿರುವುದು ತನಗಿಂತ ದೊಡ್ಡವನು ಎಲ್ಲಿ ಮಲಗಿದ್ದಾನೆ ಎಂಬುದೊಂದೇ. ಅವನೇ ಗ್ರಬ್. ಗ್ರಬ್ ಎದ್ದು, ಬೂಟ್ ಪಾರ್ಟಿಶನ್ನಿನಿಂದ ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತಾನೆ. ಈಗಿನ ಯುಇಎಫ್‌ಐ ಯಂತ್ರಗಳಲ್ಲಿ 446ರ ಇಕ್ಕಟ್ಟಿಲ್ಲ. ಆದರೆ ಯಾವ ಫೈಲನ್ನು ಎಬ್ಬಿಸಬೇಕೆಂಬ ವಿಳಾಸವನ್ನು ಮದರ್‌ಬೋರ್ಡು ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಆ ಡಿಸ್ಕನ್ನು ಬೇರೆ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಆ ಬೋರ್ಡಿಗೆ ಡಿಸ್ಕಿನ ಪರಿಚಯವೇ ಇರುವುದಿಲ್ಲ.

ಕರ್ನಲ್ಲಿಗೂ ಒಂದು ಪೀಕಲಾಟವಿದೆ. ಡಿಸ್ಕು ಓದಲು ಬೇಕಾದ ಡ್ರೈವರ್ ಆ ಡಿಸ್ಕಿನೊಳಗೇ ಇದ್ದರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದಕ್ಕೇ ಗ್ರಬ್ ಕರ್ನಲ್ಲಿನ ಕೈಗೆ ಒಂದು ಬುತ್ತಿಗಂಟು ಕೊಟ್ಟು ಕಳಿಸುತ್ತಾನೆ. ಅದರ ಹೆಸರು ಇನಿಟ್‌ರ‍್ಯಾಮ್‌ಎಫ್‌ಎಸ್. ಅಗತ್ಯದ ಡ್ರೈವರುಗಳು, ನಾಲ್ಕು ಸಣ್ಣ ಉಪಕರಣಗಳು ಅದರಲ್ಲಿರುತ್ತವೆ. ಅವುಗಳ ಬಲದಿಂದ ಉಳಿದ ವ್ಯವಸ್ಥೆಯೆಲ್ಲ ಇರುವ ನಿಜವಾದ ರೂಟ್ ಪಾರ್ಟಿಶನ್ನಿನ ಬಾಗಿಲು ತೆರೆಯಬೇಕು.

ಇಷ್ಟು ಗೊತ್ತಿದ್ದರೆ ಯಂತ್ರ ಎಲ್ಲಿ ಮುಗ್ಗರಿಸಿತು ಎಂದು ಪರದೆಯೇ ಹೇಳುತ್ತದೆ. ‘ಗ್ರಬ್ ರೆಸ್ಕ್ಯೂ’ ಎಂದು ಬಂದರೆ ಗ್ರಬ್ಬಿಗೆ ತನ್ನ ಸ್ವಂತ ಫೈಲುಗಳೇ ಸಿಕ್ಕಿಲ್ಲ. ಪಾರ್ಟಿಶನ್ ಅಳಿಸಿಯೋ ಹಿಗ್ಗಿಸಿಯೋ ಕೈಯಾಡಿಸಿದವರಿಗೆ ಇದು ಪರಿಚಿತ ದೃಶ್ಯ. ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬ ಪ್ರಾಂಪ್ಟ್ ಬಂದರೆ ಬುತ್ತಿಗಂಟು ಸಿಕ್ಕಿದೆ, ರೂಟ್ ಸಿಕ್ಕಿಲ್ಲ. ಬೂಟ್ ಪಾರ್ಟಿಶನ್ ತುಂಬಿಹೋಗಿ ಹೊಸ ಗಂಟು ಅರ್ಧಕ್ಕೇ ನಿಂತಿರುವುದೂ ಉಂಟು. ಪ್ರತಿ ಕರ್ನಲ್ ಅಪ್‌ಡೇಟಿನಲ್ಲೂ ಹೊಸ ಕರ್ನಲ್ ಒಂದು, ಗಂಟು ಒಂದು ಬಂದು ಸೇರುತ್ತವೆ, ಹಳೆಯವು ಎಷ್ಟೋ ಸಲ ಜಾಗ ಬಿಡುವುದಿಲ್ಲ. ಆಗ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ಲನ್ನು ಆರಿಸಿ ಒಳಹೊಕ್ಕು ಕಸ ಗುಡಿಸಿದರಾಯಿತು. ಇವ್ಯಾವುದರಲ್ಲೂ ಡಿಸ್ಕು ಸತ್ತಿರಲೇಬೇಕೆಂದಿಲ್ಲ, ಹೆಚ್ಚಿನ ಸಲ ವಿಳಾಸ ತಪ್ಪಿರುತ್ತದೆ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿ ಫೋಟೋ ಕಳೆದುಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ.

ನನ್ನ ಯಂತ್ರ ಈ ಮೂರನ್ನೂ ದಾಟಿ ಬಂದಿತ್ತು. ರೂಟ್ ಸಿಕ್ಕಿ, ಉಳಿದ ಡಿಸ್ಕುಗಳನ್ನು ಜೋಡಿಸುವಾಗ ನಿಂತಿತ್ತು. ಆ ಜೋಡಣೆಯ ಪಟ್ಟಿ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿರುತ್ತದೆ. ಪಾಸ್‌ವರ್ಡ್ ಕೊಟ್ಟು ತೆರೆದು ನೋಡಿದರೆ, ಇಸವಿ ಮರೆತ ಯಾವುದೋ ದಿನ ನಾನೇ ಬರೆದ ಸಾಲು: ಫೋಟೋಗಳು ಎಸ್‌ಡಿಬಿ1ರಲ್ಲಿವೆ.

ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬುವು ಹೆಸರುಗಳಂತೆ ಕಂಡರೂ ಮದುವೆ ಊಟದ ಪಂಕ್ತಿಯಲ್ಲಿ ಕೂತ ಜಾಗಗಳು, ಅಷ್ಟೇ. ಕರ್ನಲ್ಲಿನ ಕಣ್ಣಿಗೆ ಮೊದಲು ಬಿದ್ದ ಡಿಸ್ಕು ಎಸ್‌ಡಿಎ, ಎರಡನೆಯದು ಎಸ್‌ಡಿಬಿ. ‘ಎರಡನೇ ಎಲೆಯಲ್ಲಿ ಕೂತವರು ನಮ್ಮ ಮಾವ’ ಎಂದು ಗುರುತಿಟ್ಟುಕೊಂಡರೆ ಮುಂದಿನ ಪಂಕ್ತಿಗೆ ಯಾರಿಗೆ ಹೋಳಿಗೆ ಬಡಿಸುತ್ತೀರೋ! ಹೊಸ ಡಿಸ್ಕು ನಡುವೆ ನುಗ್ಗಿ ಎಸ್‌ಡಿಬಿ ಆಗಿತ್ತು, ಫೋಟೋ ಡಿಸ್ಕು ಸರಿದು ಎಸ್‌ಡಿಸಿ ಆಗಿತ್ತು. ಹೊಸದರಲ್ಲಿ ಪಾರ್ಟಿಶನ್ ಇನ್ನೂ ಮಾಡಿರಲಿಲ್ಲವಾದ್ದರಿಂದ ಎಸ್‌ಡಿಬಿ1 (ಅದರ ಮೊದಲ ಪಾರ್ಟಿಶನ್) ಎಂಬುದೇ ಇರಲಿಲ್ಲ. ಇಲ್ಲದವನಿಗಾಗಿ ಯಂತ್ರ ಒಂದೂವರೆ ನಿಮಿಷ ಎಲೆ ಹಾಕಿಕೊಂಡು ಕಾದಿತ್ತು.

ಮಾವನನ್ನು ಗುರುತಿಸಲು ಮೈಮೇಲಿನ ಮಚ್ಚೆ ವಾಸಿ. ಪಾರ್ಟಿಶನ್ನಿನೊಳಗೇ ಬರೆದಿರುವ ಆ ಮಚ್ಚೆಯೇ ಯುಯುಐಡಿ. ಲಿನಕ್ಸಿನ ಎಕ್ಸ್ಟ್4 ಫೈಲ್‌ಸಿಸ್ಟಮ್ಮಿನಲ್ಲಿ ಅದು 128 ಬಿಟ್ಟಿನದು, ಬರೆದರೆ 32 ಅಂಕಿ-ಅಕ್ಷರ. ಕೇಬಲ್ ಬದಲಾಯಿಸಿದರೂ ಬದಲಾಗದು, ಫಾರ್ಮ್ಯಾಟ್ ಮಾಡಿದರೆ ಹೊಸದು ಹುಟ್ಟುತ್ತದೆ. ಡಿಸ್ಕನ್ನು ಯಥಾವತ್ ನಕಲು ಮಾಡಿ ಎರಡನ್ನೂ ಒಟ್ಟಿಗೆ ಹಾಕಿದರೆ ಅವಳಿಗಳ ಫಜೀತಿ ಬೇರೆ.

ಬಿಎಲ್‌ಕೆಐಡಿ ಎಂಬ ಕಮಾಂಡ್ ಕೊಟ್ಟು ಫೋಟೋ ಡಿಸ್ಕಿನ ಮಚ್ಚೆ ಓದಿಕೊಂಡೆ. ಎಸ್‌ಡಿಬಿ1 ಅಳಿಸಿ ಆ 32 ಅಂಕಿ-ಅಕ್ಷರಗಳನ್ನು ಒಂದೊಂದಾಗಿ ಕುಟ್ಟಿದೆ. ಕೊನೆಗೆ ‘ನೋಫೇಲ್’ ಎಂದೂ ಸೇರಿಸಿದೆ. ಇನ್ನು ಈ ಡಿಸ್ಕು ಸಿಗದಿದ್ದರೂ ಉಳಿದವರ ಊಟ ನಿಲ್ಲದು. ‘ಮೌಂಟ್ -ಎ’ ಎಂದೆ. ಪರದೆ ಏನೂ ಹೇಳಲಿಲ್ಲ, ಲಿನಕ್ಸ್ ಸುಮ್ಮನಿದ್ದರೆ ಒಪ್ಪಿದೆ ಎಂದರ್ಥ. ರೀಬೂಟ್ ಮಾಡಿದೆ. ಫೋಟೋಗಳೆಲ್ಲ ಇದ್ದಲ್ಲೇ ಇದ್ದವು. ಕುತೂಹಲಕ್ಕೆ ಡಿಸ್ಕುಗಳ ಪಟ್ಟಿ ತೆಗೆದು ನೋಡಿದರೆ, ಆ ಹೊಸ ಡಿಸ್ಕು ಈ ಸಲ ಎಸ್‌ಡಿಎ ಆಗಿ ಪಂಕ್ತಿಯ ಮೊದಲಿಗೇ ಬಂದು ಕೂತಿತ್ತು.